ಹಾರ್ಡ್ ಡಿಸ್ಕಿನಲ್ಲಿರುವ ಹಾಡನ್ನು ಕಸ್ಟಮ್ಸ್‌ನವರು ಹಿಡಿಯುತ್ತಾರಾ?

ಪ್ರಶ್ನೆ: ಸಾರ್, ಮಗಳು ಓದೋಕೆ ಜರ್ಮನಿಗೆ ಹೊರಟಿದ್ದಾಳೆ. ಅವಳ ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಸಾವಿರ ಹಾಡುಗಳಿವೆ. ಹೆಚ್ಚಿನವು ನಮ್ಮ ಮನೆಯ ಸಿಡಿ, ಕ್ಯಾಸೆಟ್‌ಗಳಿಂದ ಕಾಪಿ ಮಾಡಿದ್ದು. ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದರೆ ಒಂದೊಂದು ಹಾಡಿಗೂ ಇಷ್ಟಿಷ್ಟು ಅಂತ ದಂಡ ಹಾಕುತ್ತಾರಂತೆ. ಎಲ್ಲ ಅಳಿಸಿ ಕಳಿಸುವುದೇ ಒಳ್ಳೆಯದಾ? (ಮಂಡ್ಯದ ಓದುಗರೊಬ್ಬರು)

ಅಳಿಸಬೇಡಿ. ದಯವಿಟ್ಟು ಅಳಿಸಬೇಡಿ.

ಪ್ರತಿ ವರ್ಷ ಶ್ರಾವಣದ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ. ಮಕ್ಕಳು ಹೊರದೇಶಕ್ಕೆ ಹೊರಡುವ ಸಮಯ. ಮೈಸೂರಿನ ಸರಸ್ವತಿಪುರಂನಲ್ಲಿ ಹಳೆಯ ಕ್ಯಾಸೆಟ್, ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ನನ್ನದು. ಅಂಗಡಿಗೆ ಬಂದವರಿಗೆ ಬಾಯಲ್ಲಿ ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಹಿಂದೆ ಎರಡು ಸಲ ಬರೆದೂ ಇದ್ದೇನೆ. ಆದರೂ ಜನ ಭಯಪಡುತ್ತಲೇ ಇದ್ದಾರೆ. ಭಯಪಟ್ಟು ಸುಮ್ನೆ ಇದ್ದರೆ ನಾನೂ ಸುಮ್ನಿರುತ್ತಿದ್ದೆ. ಅಳಿಸಿಬಿಡುತ್ತಾರೆ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ಒಬ್ಬರು ಒಂದು ಹಾರ್ಡ್ ಡಿಸ್ಕ್ ತಂದರು. ಮಗ ವಿಮಾನ ಹತ್ತುವ ಹಿಂದಿನ ರಾತ್ರಿ ಯಾರೋ ನೆಂಟರು ಹೇಳಿದರಂತೆ, 'ಕಾಪಿ ಹಾಡು ಇಟ್ಕೊಂಡು ಹೋದ್ರೆ ವೀಸಾನೇ ಕ್ಯಾನ್ಸಲ್' ಅಂತ. ಹುಡುಗ ಗಾಬರಿಯಾಗಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ. ಅದರ ಮೇಲೆ ಕಾಲೇಜಿನ ಫೈಲುಗಳನ್ನು ತುಂಬಿಕೊಂಡ. ಸಿನಿಮಾ ಹಾಡು ಹೋಗಲಿ, ಮತ್ತೆ ಸಿಗುತ್ತವೆ. ಆ ಡಿಸ್ಕಿನಲ್ಲಿ ಅವನ ಅಜ್ಜಿ ಹಾಡಿದ ಸೋಬಾನೆ ಪದಗಳಿದ್ದವು. ಯಾರದೋ ಮದುವೆಯ ಚಪ್ಪರದಲ್ಲಿ ರೆಕಾರ್ಡ್ ಮಾಡಿದ್ದು. ಅಜ್ಜಿ ಆಗಲೇ ತೀರಿಹೋಗಿದ್ದರು. ಅಪ್ಪ ನನ್ನ ಮೇಜಿನ ಮುಂದೆ ಕೂತು, 'ಒಂದಾದ್ರೂ ಸಿಗುತ್ತಾ ನೋಡಿ' ಅಂದರು. ಮೂರು ದಿನ ನೋಡಿದೆ. ಸಿಕ್ಕಿದ್ದು ಹನ್ನೊಂದು ಸೆಕೆಂಡಿನ ಒಂದು ತುಣುಕು. ಒಂದು ಸಾಲು ಅರ್ಧಕ್ಕೆ ನಿಲ್ಲುತ್ತದೆ, ಹಿಂದೆ ಯಾರೋ ಪಾತ್ರೆ ಇಡುವ ಸದ್ದು, ಅಷ್ಟೇ.

ಅಜ್ಜಿಯ ಹಾಡಿಗೆ ಯಾವ ದೇಶದ ಕಸ್ಟಮ್ಸ್ ದಂಡ ಹಾಕುತ್ತದೆ ಹೇಳಿ? ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಮೊದಲು ಸ್ಕ್ಯಾನರ್ ವಿಷಯ. 'ಬ್ಯಾಗ್ ಮೆಷಿನ್ನಿನೊಳಗೆ ಹೋದಾಗ ಡಿಸ್ಕಿನಲ್ಲಿರೋದೆಲ್ಲ ಅವರಿಗೆ ಕಾಣುತ್ತೆ' ಅನ್ನುವವರು ಇನ್ನೂ ಇದ್ದಾರೆ. ಅದು ಎಕ್ಸ್‌ರೇ. ವಸ್ತು ಎಷ್ಟು ದಪ್ಪ, ಯಾವ ಜಾತಿಯದು ಅನ್ನುವುದಷ್ಟೇ ಅದಕ್ಕೆ ತಿಳಿಯುತ್ತದೆ. ಪರದೆಯ ಮೇಲೆ ಬಟ್ಟೆ, ತಿಂಡಿ, ಪುಸ್ತಕ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ, ಲೋಹ ನೀಲಿ. ನಿಮ್ಮ ಹಾರ್ಡ್ ಡಿಸ್ಕ್ ಅಲ್ಲಿ ಒಂದು ನೀಲಿ ಚೌಕ. ಖಾಲಿ ಇದ್ದರೂ ಅಷ್ಟೇ, ತುಂಬಿದ್ದರೂ ಅಷ್ಟೇ. ಕ್ಯಾಸೆಟ್, ಸಿಡಿ, ಪೆನ್ ಡ್ರೈವ್ ಯಾವುದೂ ಆ ಎಕ್ಸ್‌ರೇಯಿಂದ ಹಾಳಾಗುವುದಿಲ್ಲ. ಹಾಳಾಗುವುದು ಇನ್ನೂ ತೊಳೆಯದ ಕ್ಯಾಮೆರಾ ರೀಲು.

ಜೊತೆಗೆ, ಆ ಮೆಷಿನ್ ಹತ್ತಿರ ಕೂತವರು ಕಸ್ಟಮ್ಸ್‌ನವರೇ ಅಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ನಿಮ್ಮ ಕೈಚೀಲ ನೋಡುವುದು ಸಿಐಎಸ್ಎಫ್‌ನವರು, ಅಂದರೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು. ಅವರ ಕೆಲಸ ವಿಮಾನದ ಸುರಕ್ಷತೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದು ಇಮಿಗ್ರೇಷನ್. ಕಸ್ಟಮ್ಸ್ ಮೂರನೆಯವರು. ಈ ಮೂವರನ್ನೂ ಕಲಸಿ ಒಬ್ಬರೇ ಅಂದುಕೊಳ್ಳುವುದರಿಂದ ಅರ್ಧ ಗಾಬರಿ ಹುಟ್ಟುತ್ತದೆ.

ಇನ್ನು ಆ ಮೂರನೆಯವರು ಏನು ಹುಡುಕುತ್ತಾರೆ? ಮಾಲು. ಸುಂಕ ಕಟ್ಟದೆ ತರುವ ಮಾಲು, ತರಬಾರದ ಮಾಲು, ಮಾರಲಿಕ್ಕೆ ತಂದ ನಕಲಿ ಮಾಲು. ನೀವು ಮನೆಯಲ್ಲಿ ಕೇಳುವ ಹಾಡು ಮಾಲಲ್ಲ. ಇದು ನನ್ನ ಅಭಿಪ್ರಾಯ ಅಂದುಕೊಳ್ಳಬೇಡಿ. ಕಾಪಿರೈಟ್, ಟ್ರೇಡ್‌ಮಾರ್ಕ್‌ನಂಥ ಹಕ್ಕುಗಳ ಬಗ್ಗೆ ಪ್ರಪಂಚದ ದೇಶಗಳು ಮಾಡಿಕೊಂಡ ಟ್ರಿಪ್ಸ್ ಎಂಬ ವ್ಯಾಪಾರ ಒಪ್ಪಂದದ 60ನೇ ವಿಧಿಯಲ್ಲೇ ಇದೆ: ಪ್ರಯಾಣಿಕರ ಸ್ವಂತ ಲಗೇಜಿನಲ್ಲಿರುವ, ವ್ಯಾಪಾರಕ್ಕಲ್ಲದ ಅಲ್ಪಸ್ವಲ್ಪ ವಸ್ತುಗಳನ್ನು ನಕಲಿ ತಡೆಯುವ ನಿಯಮದಿಂದ ದೇಶಗಳು ಹೊರಗಿಡಬಹುದು. ಯುರೋಪ್ ಒಕ್ಕೂಟ ಹೊರಗಿಟ್ಟಿದೆ. ಅವರ 2013ರ 608ನೇ ನಿಯಮಾವಳಿಯ ಮೊದಲ ವಿಧಿಯೇ ಅದನ್ನು ಹೇಳುತ್ತದೆ. ನಿಮ್ಮ ಮಗಳು ಇಳಿಯುವುದು ಅಲ್ಲಿಯೇ. ನಕಲಿ ಮಾಲಿನ ಆಮದು ತಡೆಯುವ ನಮ್ಮ ದೇಶದ 2007ರ ನಿಯಮಗಳಲ್ಲೂ ಇಂಥದ್ದೇ ವಿನಾಯಿತಿ ಇದೆ, ಅಂದರೆ ವಾಪಸ್ ಬರುವಾಗಲೂ ಚಿಂತೆಯಿಲ್ಲ.

'ಹಾಡಿಗೆ ಇಷ್ಟು ದಂಡ' ಎಂಬ ಮಾತಿಗೂ ಒಂದು ಮೂಲ ಇದೆ. 2008ರ ಹೊತ್ತಿಗೆ ಅಮೆರಿಕ, ಜಪಾನ್, ಯುರೋಪ್ ಮತ್ತಿತರರು ಸೇರಿ ಆಕ್ಟಾ ಎಂಬ ಒಪ್ಪಂದದ ಮಾತುಕತೆ ಶುರು ಮಾಡಿದರು. ನಕಲಿ ಮಾಲು ತಡೆಯುವುದು ಅದರ ಉದ್ದೇಶ. ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಬಾಗಿಲು ಮುಚ್ಚಿದಲ್ಲಿ ಗುಸುಗುಸು ಇದ್ದದ್ದೇ ಅಲ್ವಾ? ಗಡಿಯಲ್ಲಿ ಐಪಾಡ್, ಲ್ಯಾಪ್‌ಟಾಪ್ ತೆರೆಸಿ ಕಾಪಿ ಹಾಡು ಹುಡುಕುತ್ತಾರಂತೆ ಎಂದು ಸುದ್ದಿ ಹಬ್ಬಿತು. ಒಪ್ಪಂದ ಹೊರಗೆ ಬಂದಾಗ ನೋಡಿದರೆ, ಸ್ವಂತ ಲಗೇಜಿಗೆ ವಿನಾಯಿತಿ ಕೊಡಬಹುದು ಎಂದು ಅದರಲ್ಲೂ ಬರೆದಿತ್ತು. ಆಮೇಲೆ 2012ರ ಜುಲೈ 4ರಂದು ಯುರೋಪ್ ಸಂಸತ್ತು ಆ ಒಪ್ಪಂದವನ್ನೇ ತಳ್ಳಿಹಾಕಿತು. ವಿರುದ್ಧ 478 ಮತ, ಪರವಾಗಿ 39. ಭಾರತ ಅದರಲ್ಲಿ ಸೇರಿಯೇ ಇರಲಿಲ್ಲ. ಒಪ್ಪಂದ ಬಿದ್ದುಹೋಯಿತು, ಐಪಾಡೂ ಮೂಲೆ ಸೇರಿತು. ಸುದ್ದಿ ಮಾತ್ರ ಮಂಡ್ಯದ ಮನೆಮನೆಯಲ್ಲಿ ಇವತ್ತಿಗೂ ಓಡಾಡುತ್ತಿದೆ.

ಯಾರೂ ಯಾವತ್ತೂ ಫೋನ್ ತೆರೆಸುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಗಡಿಯಲ್ಲಿ ಫೋನ್, ಲ್ಯಾಪ್‌ಟಾಪ್ ತೆರೆಸಿ ನೋಡುವ ಅಧಿಕಾರ ಅವರಿಗಿದೆ. ಹಾಗೆ ತೆರೆಸುವುದು ಬಂದವರಲ್ಲಿ ತೀರಾ ಕಡಿಮೆ ಜನರಿಗೆ. ಅಲ್ಲಿ ನೋಡುವುದು ಬೇರೆ ವಿಷಯಗಳನ್ನು: ದೇಶದ ಭದ್ರತೆ, ಮಕ್ಕಳ ಅಶ್ಲೀಲ ಚಿತ್ರಗಳು, ಓದುವ ವೀಸಾದಲ್ಲಿ ಬಂದು ಕೆಲಸ ಮಾಡುವ ಯೋಚನೆ ಇದೆಯಾ ಅನ್ನುವುದು. ಹಳೆಯ ಭಾವಗೀತೆ ಹುಡುಕಲು ಯಾರೂ ಕೂತಿಲ್ಲ.

ನಿಜವಾಗಿ ಎಚ್ಚರ ಬೇಕಾದ ಕಡೆಗಳು ಕೆಲವಿವೆ. ರಸ್ತೆಬದಿಯಲ್ಲಿ ಕೊಂಡ ಕಳ್ಳ ಡಿವಿಡಿಗಳನ್ನು ಒಯ್ಯಬೇಡಿ. ಸಿಂಗಪುರದ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಕಾಪಿರೈಟ್ ಇರುವ ಸಿಡಿ, ಕ್ಯಾಸೆಟ್‌ಗಳ ನಕಲುಗಳ ಹೆಸರೇ ಇದೆ. ಅಮೆರಿಕದಲ್ಲೂ ಸ್ವಂತ ಲಗೇಜಿನ ವಿನಾಯಿತಿ ಕಳ್ಳಪ್ರತಿಗೆ ಸಲ್ಲುವುದಿಲ್ಲ. ಕೊಲ್ಲಿ ದೇಶಗಳಲ್ಲಿ ಪ್ರಶ್ನೆ ಕಾಪಿರೈಟಿನದಲ್ಲ, ಅಶ್ಲೀಲತೆಯದು. ಯಾರೋ ಗೆಳೆಯ ತುಂಬಿಕೊಟ್ಟ ಪೆನ್ ಡ್ರೈವನ್ನು ತೆರೆದು ನೋಡದೆ ಜೇಬಿಗೆ ಹಾಕಿಕೊಳ್ಳಬೇಡಿ. ಒಂದೇ ಸಿಡಿಯ ಐವತ್ತು ಪ್ರತಿ ಸೂಟ್‌ಕೇಸಿನಲ್ಲಿದ್ದರೆ, ನೀವು ಹಂಚೋಕೆ ಅಂದರೂ ಅವರು ಮಾರೋಕೆ ಅಂದುಕೊಳ್ಳುತ್ತಾರೆ. ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಕಳಿಸುವುದಾದರೆ ಪಟ್ಟಿಯಲ್ಲಿ 'ಬಳಸಿದ ಸಿಡಿ, ಸ್ವಂತಕ್ಕೆ' ಅಂತ ಲೆಕ್ಕದೊಂದಿಗೆ ಬರೆಯಿರಿ. ಕದ್ದ ಸಾಫ್ಟ್‌ವೇರ್ ಇದ್ದರೆ ಮಾತ್ರ ಇಲ್ಲೇ ತೆಗೆದುಹಾಕಿ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ಕೊಡುವ ರಿಯಾಯಿತಿಯಿಂದ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹೊರಗಿಟ್ಟಿದೆ.

ಬಿಲ್ ಬೇಕಾ ಅಂತಲೂ ಕೇಳುತ್ತಾರೆ. ಬೇಡ. ಇಪ್ಪತ್ತು ವರ್ಷದ ಹಿಂದೆ ಸಯ್ಯಾಜಿರಾವ್ ರಸ್ತೆಯಲ್ಲಿ ಕೊಂಡ ಸಿಡಿಗೆ ಯಾರ ಹತ್ತಿರ ಬಿಲ್ ಇದೆ? ಮೂಲ ಸಿಡಿಗಳನ್ನು ಮಾತ್ರ ಮಾರಬೇಡಿ, ಮನೆಯಲ್ಲೇ ಇಡಿ. ಆಸ್ಟ್ರೇಲಿಯಾದ ಕಾನೂನಂತೂ ಇದನ್ನು ಬಿಡಿಸಿ ಹೇಳುತ್ತದೆ: ಸ್ವಂತಕ್ಕೆ ಕಾಪಿ ಮಾಡಬಹುದು, ಆದರೆ ಮೂಲವನ್ನು ಮಾರಿದರೆ ಆ ಕಾಪಿ ಕಾನೂನಿಗೆ ವಿರುದ್ಧವಾಗುತ್ತದೆ. ಎಲ್ಲ ದೇಶಗಳೂ ಒಂದೇ ತರಹ ಇಲ್ಲ. ಬ್ರಿಟನ್ 2014ರ ಅಕ್ಟೋಬರಿನಲ್ಲಿ ಸ್ವಂತದ ಕಾಪಿಗೆ ಅನುಮತಿ ಕೊಟ್ಟಿತು, 2015ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ಜರ್ಮನಿಯಲ್ಲಿ ಸ್ವಂತದ ಕಾಪಿಗೆ ಅವಕಾಶ ಇದೆ.

ಆದರೆ ಅದೇ ಜರ್ಮನಿಯಲ್ಲಿ ಇನ್ನೊಂದು ಗುಂಡಿ ಇದೆ, ಅದನ್ನು ಯಾರೂ ಕೇಳುವುದೇ ಇಲ್ಲ. ಹಾಡುಗಳನ್ನೆಲ್ಲ ಅಳಿಸಿ ಹೋದ ಮಕ್ಕಳು ಹಾಸ್ಟೆಲ್ ಸೇರಿದ ಮೊದಲ ವಾರವೇ ಏನು ಮಾಡುತ್ತಾರೆ ಗೊತ್ತಾ? ಅವೇ ಹಾಡು, ಸಿನಿಮಾಗಳನ್ನು ಟೊರೆಂಟಿನಿಂದ ಇಳಿಸಿಕೊಳ್ಳುತ್ತಾರೆ. ಟೊರೆಂಟಿನಲ್ಲಿ ನೀವು ಇಳಿಸಿಕೊಳ್ಳುವಾಗಲೇ ಅದು ನಿಮ್ಮ ಕಂಪ್ಯೂಟರಿನಿಂದ ಬೇರೆಯವರಿಗೂ ಹಂಚುತ್ತಿರುತ್ತದೆ. ಅಲ್ಲಿ ಅದನ್ನು ಕಾದು ನೋಡುವವರಿದ್ದಾರೆ. ಇಂಟರ್ನೆಟ್ ಯಾರ ಹೆಸರಿನಲ್ಲಿದೆಯೋ ಅವರಿಗೆ ವಕೀಲರ ಪತ್ರ ಬರುತ್ತದೆ, ನೂರಾರು ಯೂರೋ ಕಟ್ಟಿ ಅಂತ. ಏರ್‌ಪೋರ್ಟಿನಲ್ಲಿ ಇಲ್ಲದ ದಂಡವನ್ನು ಹೀಗೆ ರೂಮಿಗೇ ಕರೆಸಿಕೊಳ್ಳುತ್ತಾರೆ. ಮನೆಯ ಸಿಡಿಯಿಂದ ಮಾಡಿದ ಕಾಪಿ ಕೈಯಲ್ಲಿದ್ದಿದ್ದರೆ ಆ ಗೋಜೇ ಇರುತ್ತಿರಲಿಲ್ಲ.

'ಎಲ್ಲ ಆ್ಯಪ್‌ನಲ್ಲೇ ಡೌನ್‌ಲೋಡ್ ಇದೆ, ಡಿಸ್ಕ್ ಯಾಕೆ?' ಅನ್ನುವವರಿಗೂ ಒಂದು ಮಾತು. ಆ್ಯಪ್‌ನ ಡೌನ್‌ಲೋಡ್ ನಿಮ್ಮದಲ್ಲ, ಬಾಡಿಗೆ. ಸ್ಪಾಟಿಫೈ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬಂದು ಮುಖ ತೋರಿಸು ಅನ್ನುತ್ತದೆ. ಹಾಡಿನ ಹಕ್ಕನ್ನು ದೇಶದೇಶಕ್ಕೂ ಬೇರೆ ಬೇರೆ ಮಾರಿರುತ್ತಾರೆ. ಹಾಗಾಗಿ ಇಲ್ಲಿ ಸಿಗುವ ಕನ್ನಡ ಹಾಡು ಅಲ್ಲಿನ ಖಾತೆಯಲ್ಲಿ ಬೂದು ಬಣ್ಣಕ್ಕೆ ತಿರುಗಿ ಕೂತಿರಬಹುದು.

ಕೊನೆಗೆ, ನೀವು ಕೇಳದೇ ಇದ್ದರೂ ಹೇಳಬೇಕಾದ್ದು. ಪತ್ರದಲ್ಲಿ 'ಕ್ಯಾಸೆಟ್‌ಗಳಿಂದ' ಅಂತ ಬರೆದಿದ್ದೀರಿ. ಎಲ್ಲವೂ ಕಾಪಿ ಆಗಿದೆಯಾ? ಬೀರುವಿನ ಮೇಲೆ ಇನ್ನೂ ಒಂದು ಡಬ್ಬ ಇರುತ್ತದೆ, ನನಗೆ ಗೊತ್ತು. ಬಾಲ್‌ಪೆನ್ನಿನಲ್ಲಿ 'ಹರಿಕಥೆ', 'ಪಾಪು ನಾಮಕರಣ' ಅಂತ ಬರೆದ ಕ್ಯಾಸೆಟ್‌ಗಳು. ಸಿನಿಮಾ ಕ್ಯಾಸೆಟ್‌ಗಿಂತ ಮೊದಲು ಅವುಗಳನ್ನು ತೆಗೆಯಿರಿ.

ಮೊದಲು ಮೇಲಿನ ಅಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಆಗ ಹಳೆಯದು ಅಳಿಸುವುದಿಲ್ಲ. ಟೇಪ್ ಓಡುವ ಜಾಗದಲ್ಲಿ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಉಣ್ಣೆಯ ತುಂಡು ಇರುತ್ತದೆ. ಅದು ಉದುರಿದ್ದರೆ ದನಿ ಮಂಕಾಗಿ ಕೇಳುತ್ತದೆ. ಜನ ಹಾಡೇ ಹಾಳಾಯಿತು ಅಂದುಕೊಂಡು ಎಸೆಯುತ್ತಾರೆ. ಎಸೆಯಬೇಡಿ, ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ಬದಲಿಸಿದರೆ ಸರಿಹೋಗುತ್ತದೆ. ವರ್ಷಗಟ್ಟಲೆ ಸುಮ್ನೆ ಇದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಆಮೇಲೆ ಹಾಕಿ. ಮೊದಲು ವೇವ್ ಫೈಲಾಗಿ, ಅಂದರೆ ದನಿಯನ್ನು ಕುಗ್ಗಿಸದೆ ಇಡುವ ಫೈಲಾಗಿ ಇಳಿಸಿ, ಸಿಡಿಯ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಕೇಳಲಿಕ್ಕೆ ಬೇಕಾದರೆ ಆಮೇಲೆ ಎಂಪಿ3 ಮಾಡಿಕೊಳ್ಳಿ. ಎರಡು ಪ್ರತಿ ಮಾಡಿ: ಒಂದು ಮಗಳ ಕೈಚೀಲದಲ್ಲಿ, ಇನ್ನೊಂದು ಮಂಡ್ಯದ ಮನೆಯ ಬೀರುವಿನಲ್ಲಿ.

ವಿಮಾನದ ಹಿಂದಿನ ದಿನ ಮಾತ್ರ ತರಬೇಡಿ. ಟೇಪನ್ನು ಬೇಗ ಓಡಿಸಿ ಇಳಿಸಿದರೆ ದನಿ ಕೆಡುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು. ಇಪ್ಪತ್ತು ಕ್ಯಾಸೆಟ್ ಅಂದರೆ ಇಪ್ಪತ್ತು ಗಂಟೆ, ನಡುವೆ ಸಿಕ್ಕಿಕೊಳ್ಳುವ ಟೇಪ್ ಬಿಡಿಸುವ ಹೊತ್ತು ಬೇರೆ. ಎರಡು ವಾರ ಮುಂಚೆ ತನ್ನಿ. ಮಗಳು ಏರ್‌ಪೋರ್ಟಿಗೆ ಹೋಗುವ ಫ್ಲೈಬಸ್ ಹತ್ತುವ ಹೊತ್ತಿಗೆ ನಾಮಕರಣದ ಕ್ಯಾಸೆಟ್ಟೂ ಅವಳ ಡಿಸ್ಕಿನಲ್ಲಿರುತ್ತದೆ.