ಹಳೇ ಸಿ.ಡಿ.ಯಲ್ಲಿರುವ ಚಿತ್ರಗಳನ್ನೆಲ್ಲ ಜೆಪೆಗ್ ಮಾಡಿಬಿಡಬಹುದೇ?

ಪ್ರಶ್ನೆ: ಮನೆಯ ಹಳೇ ಫೋಟೊಗಳನ್ನೂ ಅಡಿಕೆ ತೋಟದ ಪಹಣಿಗಳನ್ನೂ 2001ರ ಹೊತ್ತಿಗೆ ಸ್ಕ್ಯಾನ್ ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದೆವು. ಬಿಎಂಪಿ, ಪಿಸಿಎಕ್ಸ್, ಜಿಫ್, ಟಿಫ್ ಎಲ್ಲ ಬಗೆಯ ಚಿತ್ರದ ಫೈಲ್‌ಗಳೂ ಇವೆ. ಜಾಗ ಉಳಿಸಲು ಎಲ್ಲವನ್ನೂ ಜೆಪೆಗ್ ಮಾಡಬಹುದೇ? (ಸಾಗರದ ಓದುಗರು)

ಉತ್ತರ: ಬೇಡ. ಬಿಎಂಪಿ, ಪಿಸಿಎಕ್ಸ್ ಫೈಲ್‌ಗಳನ್ನು ಪಿಎನ್‌ಜಿ ಮಾಡಿ, ಉಳಿದವನ್ನು ಇದ್ದ ಹಾಗೇ ಇಡಿ.

ಬಣ್ಣದ ಬಿಎಂಪಿಯಲ್ಲಿ ಸಾಮಾನ್ಯವಾಗಿ ಚುಕ್ಕೆಗೆ 3 ಬೈಟ್ ಬೇಕು. ಎ4 ಹಾಳೆಯನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ 2480 × 3508 ಚುಕ್ಕೆ, ಅಂದರೆ ಸುಮಾರು 26 ಎಂಬಿ. 1996ರಲ್ಲಿ ಬಂದ ಪಿಎನ್‌ಜಿ ಇದನ್ನು ಜಿಪ್ ಫೈಲ್‌ನ ವಿಧಾನದಲ್ಲೇ ಕುಗ್ಗಿಸುತ್ತದೆ. ತೆರೆದಾಗ ಒಂದು ಚುಕ್ಕೆಯೂ ಬದಲಾಗಿರುವುದಿಲ್ಲ.

1992ರ ಜೆಪೆಗ್ ಹಾಗಲ್ಲ. ಚಿತ್ರವನ್ನು 8 × 8 ಚುಕ್ಕೆಗಳ ಚೌಕಗಳಾಗಿ ಮಾಡಿಕೊಂಡು, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ವಿವರಗಳನ್ನು ಬಿಟ್ಟುಬಿಡುತ್ತದೆ. ಮುಖ, ಗುಡ್ಡ, ಮೋಡಕ್ಕೆ ಇದು ನಡೆಯುತ್ತದೆ. ಪಹಣಿಗೆ ನಡೆಯುವುದಿಲ್ಲ. ಹೆಚ್ಚು ಕುಗ್ಗಿಸಿದ ಜೆಪೆಗ್ ಹಾಳೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿ: ಅಕ್ಷರಗಳ ಸುತ್ತ ಬೂದು ಮಸಿ ಹರಡಿರುತ್ತದೆ, ಒತ್ತಕ್ಷರಗಳು ಕಲಸಿಹೋಗಿರುತ್ತವೆ, ಸರ್ವೆ ನಂಬರಿನ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಹೋದ ಗೆರೆ ಮತ್ತೆ ಬರುವುದಿಲ್ಲ. ಜೆಪೆಗ್ ಅನ್ನು ತೆರೆದು ನೋಡಿದರೆ, ನಕಲು ಮಾಡಿದರೆ ಏನೂ ಆಗದು. ತಿದ್ದಿ ಸೇವ್ ಮಾಡಿದಾಗೆಲ್ಲ ಇನ್ನಷ್ಟು ಕಳೆಯುತ್ತದೆ. ಅದನ್ನು ಪಿಎನ್‌ಜಿ ಮಾಡಿದರೆ ಗಾತ್ರ ಹೆಚ್ಚೀತೇ ಹೊರತು ಗುಣಮಟ್ಟ ಹೆಚ್ಚದು.

1987ರ ಜಿಫ್‌ನ ಒಂದು ಚಿತ್ರಕ್ಕೆ 256 ಬಣ್ಣಗಳ ಮಿತಿಯಿದೆ. ಫೋಟೊದಲ್ಲಿ ಆಕಾಶ ಪಟ್ಟೆಪಟ್ಟೆಯಾಗಿ ಕಾಣುವುದು ಅದಕ್ಕೇ. ಟಿಫ್ ವಿಷಯದಲ್ಲಿ ಎಚ್ಚರ: ಒಂದೇ ಫೈಲ್‌ನಲ್ಲಿ ಹಲವು ಪುಟ ಇರಬಹುದು. ಪಿಎನ್‌ಜಿಯಲ್ಲಿ ಒಂದೇ ಚಿತ್ರಕ್ಕೆ ಜಾಗ, ಬದಲಿಸುವಾಗ ಎರಡನೇ ಪುಟದಿಂದ ಮುಂದಿನದು ಕೈತಪ್ಪುವ ಅಪಾಯವಿದೆ.

ಮೊದಲ ಕೆಲಸ ಸಿ.ಡಿ.ಯದು. ಮಲೆನಾಡಿನ ಮಳೆಗಾಲದ ತೇವಕ್ಕೆ ಅದರ ಮೇಲೆ ಬೂಷ್ಟು ಬಂದಿದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಉಜ್ಜಿದರೆ ಬೀಳುವ ಗೀರು ಓದಲು ಹೆಚ್ಚು ತೊಡಕು. ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಕೊಂಡ ಮೇಲೆ, ವಿಂಡೋಸ್ ಕಂಪ್ಯೂಟರಿನಲ್ಲಿ ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ತಂತ್ರಾಂಶ ತೆರೆದು, ಹಲವು ಫೈಲ್‌ಗಳನ್ನು ಒಟ್ಟಿಗೆ ಬದಲಿಸಲು ‘ಬಿ’ ಕೀಲಿ ಒತ್ತಿ. ಫೈಲ್‌ಗಳನ್ನು ಸೇರಿಸಿ, ಪಿಎನ್‌ಜಿ ಆರಿಸಿ, ಬೇರೆ ಫೋಲ್ಡರ್ ತೋರಿಸಿ. ಹೆಸರಿನ ಕೊನೆಯ ‘.ಬಿಎಂಪಿ’ಯನ್ನು ಕೈಯಿಂದ ತಿದ್ದಿದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ.

ಐಫೋನ್ 2017ರಿಂದ ತೆಗೆಯುವ ಎಚ್‌ಇಐಸಿ ಬಗೆಯ ಫೋಟೊ ಫೈಲ್ ಜೆಪೆಗ್‌ಗಿಂತ ಚಿಕ್ಕದು, ಆದರೆ ಹಳೇ ಕಂಪ್ಯೂಟರುಗಳಲ್ಲಿ ತೆರೆಯದು. ಮೂಲ ಇಟ್ಟುಕೊಂಡು, ಕೊಡಬೇಕಾದವರಿಗೆ ಜೆಪೆಗ್ ಪ್ರತಿ ಕೊಡಿ. ಪಹಣಿಯನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿಯೇ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ.