‘ಒಂದೆರಡು ಕಡೆ ಮಳೆ’ ಅಂದ್ರೆ ಎಷ್ಟು ಕಡೆ?

‘ಈ ವಾರ ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ.’ ಹೋದ ಮೇ ತಿಂಗಳಲ್ಲಿ ಈ ಮುನ್ಸೂಚನೆ ಓದಿಯೂ ಟೆರೇಸ್ ಮೇಲೆ ಅರಳು ಸಂಡಿಗೆ ಇಟ್ಟೆ. ಆ ಒಂದೆರಡು ಕಡೆಯಲ್ಲಿ ನಮ್ಮ ಟೆರೇಸೂ ಸೇರಿತ್ತು. ಹಳೇ ಪಂಚೆ ಮೇಲೆ ಉಳಿದದ್ದು ಬರೀ ಗಂಜಿ.

‘ಹೀಗೆ ಜಾರಿಕೊಳ್ಳೋದಾದ್ರೆ ನಾನೂ ಹೇಳ್ತೀನಿ’ ಅಂದರು ಪಕ್ಕದ ಮನೆಯವರು. ಅದು ಜಾರಿಕೊಳ್ಳುವ ಮಾತಲ್ಲ, ಲೆಕ್ಕ. ಹವಾಮಾನ ಇಲಾಖೆಯ ಪ್ರಕಾರ ‘ಒಂದೆರಡು ಕಡೆ’ ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ‘ಕೆಲವು ಕಡೆ’ ಅಂದರೆ 50ರವರೆಗೆ, ‘ಹಲವು ಕಡೆ’ 75ರವರೆಗೆ. ಅದಕ್ಕೂ ಜಾಸ್ತಿಯಾದರೆ ‘ಬಹುತೇಕ ಕಡೆ’. ಕನಿಷ್ಠ 2.5 ಮಿಲಿಮೀಟರ್ ಬಿದ್ದಿರಬೇಕು. ಸುಮ್ನೆ ನಾಲ್ಕು ಹನಿ ಉದುರಿದ್ದು ಲೆಕ್ಕಕ್ಕಿಲ್ಲ.

ಯಾವ ಕಡೆ ಅಂತ ಹೇಳಬಾರದೇ? ಒಲೆ ಮೇಲೆ ಹಾಲಿಟ್ಟು ನೋಡಿ. ಉಕ್ಕುವುದು ಗ್ಯಾರಂಟಿ. ಆದರೆ ಕೆನೆ ಮೊದಲು ಯಾವ ಜಾಗದಲ್ಲಿ ಉಬ್ಬುತ್ತದೆ? ಮೇ ತಿಂಗಳ ಮಧ್ಯಾಹ್ನವೂ ಹಾಗೇ. ಕಾದ ತೇವದ ಗಾಳಿ ಮೇಲೇಳುತ್ತದೆ. ಮೇಲೆ ತಣ್ಣಗಾಗಿ ಆವಿ ಹನಿಯಾಗುತ್ತದೆ. ಹನಿಯಾಗುವಾಗ ಬಿಟ್ಟ ಶಾಖ ಅದೇ ಗಾಳಿಯನ್ನು ಇನ್ನೂ ಮೇಲಕ್ಕೆ ನೂಕುತ್ತದೆ. ಎಣ್ಣೆಯಲ್ಲಿ ಪೂರಿ ಉಬ್ಬಿದ ಹಾಗೆ, ಶುರುವಾದರೆ ಮುಗೀತು. ಶುರುವಾಗಲು ಒಂದು ಗುಡ್ಡವೋ ಕಾದ ಬಯಲೋ ಸಾಕು. ಅದಕ್ಕೇ ಜಯನಗರದಲ್ಲಿ ರಸ್ತೆ ತುಂಬ ನೀರು, ಮಲ್ಲೇಶ್ವರದಲ್ಲಿ ಬಿಸಿಲು. ಜುಲೈನಲ್ಲಿ ಕರಾವಳಿಗೆ ಈ ತಾಪತ್ರಯ ಕಮ್ಮಿ. ಸಮುದ್ರದ ಗಾಳಿ ಘಟ್ಟದ ಗೋಡೆಗೇ ಬಂದು ಗುದ್ದುತ್ತದೆ, ಉದ್ದಕ್ಕೂ ಸುರಿಯುತ್ತದೆ.

ವಾರದ ಮುನ್ಸೂಚನೆಯಲ್ಲಿ ಕೊನೆಯ ದಿನಗಳದ್ದು ಹೇಳೋದು ಇನ್ನೂ ಕಷ್ಟ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತಮ್ಮ ಹವೆಯ ಲೆಕ್ಕವನ್ನು ಮತ್ತೊಮ್ಮೆ ಓಡಿಸಲು ಹೊರಟರು. 0.506127 ಇದ್ದಲ್ಲಿ 0.506 ಎಂದಷ್ಟೇ ಒತ್ತಿ ಕಾಫಿ ಕುಡಿಯಲು ಹೋದರು. ವಾಪಸು ಬಂದರೆ ಕಂಪ್ಯೂಟರ್ ಬೇರೆಯೇ ಹವೆ ತೋರಿಸುತ್ತಿತ್ತು! ಆರಂಭದ ಚೂರು ವ್ಯತ್ಯಾಸ ದಿನ ಕಳೆದಂತೆ ದೊಡ್ಡದಾಗಿತ್ತು. ಅದಕ್ಕೇ ಈಗ ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಒಂದೇ ಲೆಕ್ಕವನ್ನು ಹಲವು ಸಲ ಓಡಿಸುತ್ತಾರೆ. 2018ರಲ್ಲಿ ನಮ್ಮಲ್ಲಿ ಶುರುವಾದ ಪದ್ಧತಿಯಲ್ಲಿ 21 ಸಲ. ಎಲ್ಲ ಒಂದೇ ದಾರಿ ಹಿಡಿದರೆ ಧೈರ್ಯವಾಗಿ ಹೇಳಬಹುದು. ದಿಕ್ಕಾಪಾಲಾದರೆ ಮಾತು ಮೆತ್ತಗಾಗುತ್ತದೆ, ಅಷ್ಟೇ.

ಇಷ್ಟಾದರೂ ಒಂದು ಸಲ ತಪ್ಪಿದರೆ ಇಲಾಖೆಗೆ ಬೈಗುಳ. ಕಪ್ಪೆ ಮದುವೆ ಮಾಡಿಸಿ ಮಳೆ ಬಾರದಿದ್ದಾಗ ಕಪ್ಪೆಯನ್ನು ಯಾರೂ ಬೈದಿಲ್ಲ, ಅಲ್ವಾ?

ನಾನೀಗ ಸಂಡಿಗೆಗೆ ಮೊದಲೆರಡು ದಿನದ ಮುನ್ಸೂಚನೆ ಮಾತ್ರ ನಂಬುತ್ತೇನೆ. ಐದನೇ ದಿನದ್ದನ್ನು ಮೂರನೇ ದಿನ ಮತ್ತೆ ನೋಡುತ್ತೇನೆ. ಮಧ್ಯಾಹ್ನ ಎರಡಕ್ಕೆ ಮುಂಚೆಯೇ ಪಂಚೆ ಸುತ್ತಿ ಕೆಳಗೆ ತರುತ್ತೇನೆ.