ಬಿಸಿಲು ಬೇಡ ಸಾರ್, ಸಕ್ಕರೆ ಎಲ್ಲಿಂದ ತರ್ತೀರಿ?

ಕೋಲಾರದ ಕಡೆಯಿಂದ ಪಾಚಿಯಿಂದ ಒಮೆಗಾ-3 ಎಣ್ಣೆ (ಮೀನೆಣ್ಣೆಯಲ್ಲಿರೋ ಥರದ ಒಳ್ಳೆ ಕೊಬ್ಬು) ತೆಗೀತೀವಿ ಅಂತ ನನ್ನ ಹತ್ತಿರ ಬರುವವರ ಮೊದಲ ಮಾತು ಬಿಸಿಲಿನದೇ. "ಜಮೀನು ಖಾಲಿ ಬಿದ್ದಿದೆ ಸಾರ್, ಬಿಸಿಲಿಗೇನೂ ಬರ ಇಲ್ಲ." ತೊಟ್ಟಿ ಕಟ್ಟಿಸೋಕೆ ಮೇಸ್ತ್ರಿಯನ್ನೂ ಗೊತ್ತು ಮಾಡಿಕೊಂಡೇ ಬಂದಿರುತ್ತಾರೆ.

ಈ ಎಣ್ಣೆ ಕೊಡೋದು ತೊಟ್ಟಿಯಲ್ಲಿ ಬಿಸಿಲಿಗೆ ಬೆಳೆಯುವ ಹಸಿರು ಸ್ಪಿರುಲಿನಾ ಅಲ್ಲ. ಸ್ಕಿಜೋಕೈಟ್ರಿಯಂ ಅನ್ನೋ ಈ ಸಮುದ್ರದ ಜೀವಿಗೆ ಹಸಿರೇ ಇಲ್ಲ. ಪೇಟೆಯಲ್ಲಿ ಪಾಚಿ ಎಣ್ಣೆ ಅಂತಾರೆ, ಆದರೆ ಇದು ಬಿಸಿಲಿನಿಂದ ಊಟ ಮಾಡಿಕೊಳ್ಳುವ ಪಾಚಿ ಅಲ್ಲ. ಕಡಲಂಚಿನ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಉದುರಿದ ಎಲೆ ಕೊಳೆಯುವಲ್ಲಿ, ಅದನ್ನೇ ತಿಂದು ಬದುಕುತ್ತದೆ. ಹಸುವನ್ನು ಬಿಸಿಲಲ್ಲಿ ಕಟ್ಟಿದರೆ ಹೊಟ್ಟೆ ತುಂಬುತ್ತಾ? ಮೇವು ಹಾಕಬೇಕು ಅಲ್ವಾ? ಇದರ ಮೇವು ಸಕ್ಕರೆ. ಬೆಳೆಯೋದು ಮುಚ್ಚಿದ ಸ್ಟೀಲ್ ಟ್ಯಾಂಕಿನಲ್ಲಿ, ಕತ್ತಲಲ್ಲಿ.

ಮೊದಲು ಸಕ್ಕರೆ, ಸಾರಜನಕ ಎರಡೂ ಕೊಟ್ಟು ಜೀವಕೋಶಗಳ ಸಂಖ್ಯೆ ಹೆಚ್ಚಿಸುತ್ತೇವೆ. ಆಮೇಲೆ ಸಾರಜನಕ ನಿಲ್ಲಿಸಿ ಸಕ್ಕರೆ ಮಾತ್ರ ಕೊಡುತ್ತೇವೆ. ಒಂದು ಎರಡಾಗಿ ಬೆಳೆಯೋಕೆ ಆಗದೆ ತಿಂದದ್ದನ್ನೆಲ್ಲ ಎಣ್ಣೆಯಾಗಿ ಕೂಡಿಡುತ್ತದೆ. ಚೆನ್ನಾಗಿ ನಡೆದರೆ ಒಣತೂಕದ ಅರ್ಧದಷ್ಟು ಎಣ್ಣೆಯೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದ ತುಂಬ ಹೊಳೆಯುವ ಗುಂಡು ಗುಂಡು ಹನಿಗಳು.

ಲೆಕ್ಕ ಮಾತ್ರ ಮರೀಬೇಡಿ. ಒಂದು ಕೆಜಿ ಎಣ್ಣೆಗೆ ಮೂರು ಕೆಜಿಗಿಂತ ಕಡಿಮೆ ಸಕ್ಕರೆ ಸಾಲದು. ಸಾಮಾನ್ಯವಾಗಿ ಇನ್ನೂ ಜಾಸ್ತಿಯೇ ಹಿಡಿಯುತ್ತದೆ. ತಳಿ, ಟ್ಯಾಂಕು ನೋಡದೆ ಖಚಿತವಾಗಿ ಹೇಳಲಾರೆ. ಈ ಎಣ್ಣೆಯಿಂದ ಡೀಸೆಲ್ ಮಾಡ್ತೀವಿ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಮಕ್ಕಳ ಹಾಲಿನ ಪುಡಿ, ಕ್ಯಾಪ್ಸೂಲ್, ಸಾಕಣೆ ಮೀನಿನ ಆಹಾರ, ಇವುಗಳಲ್ಲಿ ಡಿಎಚ್ಎಗೆ, ಅಂದರೆ ಈ ಎಣ್ಣೆಯಲ್ಲಿರುವ ಮುಖ್ಯ ಒಮೆಗಾ-3ಗೆ, ಸಿಗುವ ಬೆಲೆಯಲ್ಲಿ ಮಾತ್ರ ಇದು ಗಿಟ್ಟುತ್ತದೆ. 2019ರಲ್ಲಿ ಮೀನಿನ ಆಹಾರಕ್ಕೆ ಈ ಎಣ್ಣೆ ಮಾಡುವ ದೊಡ್ಡ ಕಾರ್ಖಾನೆ ಶುರುವಾಗಿದ್ದು ಅಮೆರಿಕದ ನೆಬ್ರಾಸ್ಕಾದಲ್ಲಿ. ಅಲ್ಲಿಂದ ಸಮುದ್ರ ಎಷ್ಟು ದೂರ ಅಂತ ಭೂಪಟ ನೋಡಿ. ಆದರೆ ಅದು ಮುಸುಕಿನ ಜೋಳದ ಸೀಮೆ, ಸಕ್ಕರೆ ಆ ಜೋಳದಿಂದಲೇ ಬರುತ್ತದೆ.

ಸಮುದ್ರದ ಜೀವಿ ತಾನೇ, ಬೋರಿನ ಉಪ್ಪು ನೀರು ಆಗುತ್ತಾ ಅಂತಲೂ ಕೇಳುತ್ತಾರೆ. ಉಪ್ಪಿನಲ್ಲಿರುವ ಕ್ಲೋರೈಡ್ ಟ್ಯಾಂಕಿನ ಸ್ಟೀಲನ್ನೇ ತಿಂದು ಹಾಕುತ್ತದೆ. ಅದಕ್ಕೇ ಉಪ್ಪಿನ ಬದಲು ಸೋಡಿಯಂ ಸಲ್ಫೇಟ್ ಹಾಕುವ ವಿಧಾನ ಬಂದಿರುವುದು.

ಒಮ್ಮೆ ಶ್ರೀನಿವಾಸಪುರ ಕಡೆಯ ಹಿರಿಯರೊಬ್ಬರು ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆಯಿಂದ ಒಂದು ಬಾಟಲಿ ಹಸಿರು ನೀರು ತಂದು ಕಿಟಕಿಗೆ ಹಿಡಿದರು. "ನೋಡಿ ಸಾರ್, ಪಾಚಿ ಎಷ್ಟು ಗಟ್ಟಿಯಾಗಿದೆ!" ಪಾಪ, ಆಸೆಯಿಂದ ತಂದಿದ್ದರು. ಇದು ಬೇರೆ ಜೀವಿ ಯಜಮಾನ್ರೇ ಅಂತ ಮೊದಲಿಂದ ಎಲ್ಲ ಹೇಳಿದೆ. ಟ್ಯಾಂಕಿಗೆ ಊದುವ ಗಾಳಿ ಕೆಲವೇ ನಿಮಿಷ ನಿಂತರೂ ಇಡೀ ಬ್ಯಾಚ್ ಕೆಡಬಹುದು, ಕರೆಂಟ್ ಹೋಗಬಾರದು ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಆ ಜಮೀನಿಗೆ ಸೋಲಾರ್ ಹಾಕೋಣ ಬಿಡಿ ಸಾರ್" ಅಂದರು.

ರಾತ್ರಿನೂ ಗಾಳಿ ಬೇಕು ಅನ್ನೋದನ್ನ ಇನ್ನೊಂದು ಸಲ ಹೇಳಬೇಕಾಯಿತು.